ಮಾವನಿಗೊಂದು ಕುರ್ಚಿ

ಅಕ್ಕಿಪೇಟೆಯ ದಲ್ಲಾಳಿ ಮಲ್ಲಿಕಾರ್ಜುನಯ್ಯನವರಿಗೆ ಸ್ವಂತ ಅಂಗಡಿಯಿಲ್ಲ, ಗೋದಾಮಿಲ್ಲ. ಇರುವುದು ಎರಡು ಕಿವಿ, ಒಂದು ನಾಲಿಗೆ, ಅಕ್ಕಿಯ ಸ್ಯಾಂಪಲ್ ತುಂಬಿದ ಒಂದು ಬಟ್ಟೆಚೀಲ. ಬೆಳಿಗ್ಗೆ ಚಾಮರಾಜಪೇಟೆಯ ಮನೆಯಿಂದ ನಡೆದು ಬಂದು, ಯಾವ ಅಂಗಡಿಯಲ್ಲಿ ಏನು ಮಾತು ಓಡುತ್ತಿದೆಯೆಂದು ಕೇಳಿಸಿಕೊಂಡು, ಕೊಡುವವರನ್ನೂ ಕೊಳ್ಳುವವರನ್ನೂ ಕೂಡಿಸುವುದು ಅವರ ಕಸುಬು. ನಲವತ್ತು ವರ್ಷದಲ್ಲಿ ಅವರೆದುರು ಯಾವ ವರ್ತಕನೂ ಮಾತು ನುಂಗಿದ್ದಿಲ್ಲ.

ಆ ಬೀದಿಗೆ ತನ್ನದೇ ಮಾತುಗಳಿದ್ದವು ನೋಡಿ. ನಾಳೆ ಬೆಲೆ ಏರುತ್ತದೆ ಎಂದರೆ "ಜ್ವರ ಬಂದಿದೆ". ಕೊಳ್ಳುವವರಿಲ್ಲದೆ ಬೆಲೆ ಕುಸಿದರೆ "ಮಗು ಮಲಗಿದೆ". ಚೌಕಾಸಿ ಮಾಡದೆ ದುಡ್ಡು ಬಿಚ್ಚುವ ಗಿರಾಕಿ "ಮಾವ". "ಮಾವನಿಗೆ ಕುರ್ಚಿ ಹಾಕ್ರೋ" ಎಂದು ಯಜಮಾನ ಕೂಗಿದನೆಂದರೆ, ಆ ಮನುಷ್ಯನಿಗೆ ಕೇಜಿಗೆ ಎರಡು ರೂಪಾಯಿ ಏರಿತೆಂದೇ ಲೆಕ್ಕ.

ಹೋದ ವರ್ಷ ಶರಣ್ಯ ಎಂಬ ಹುಡುಗಿ ಬಂದಳು. ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಪೇಟೆಯ ಆಡುಮಾತು ಬೇಕಾಗಿತ್ತಂತೆ.

"ಎಕನಾಮಿಸ್ಟ್‌ಗಳಿಗೂ ಏನಾದ್ರೂ ಹೆಸ್ರು ಇಟ್ಟಿದೀರಾ ಸರ್?"

"ಇಡ್ದೆ ಬಿಡ್ತೀವೇನಮ್ಮ! ಟೀವಿ ಜೋಯಿಸ್ರು ಅಂತೀವಿ. ಬೆಲೆ ಏರಿ ಇಳಿದ್ಮೇಲೆ, ಏರುತ್ತೆ ಅಂತ ಹೇಳೋರು."

ಅವಳು ಬಿದ್ದು ಬಿದ್ದು ನಕ್ಕಳು. ಆ ನಗುವಿಗೋ, ಆ 'ಸರ್'ಗೋ ಮಲ್ಲಿಕಾರ್ಜುನಯ್ಯ ಕರಗಿಹೋದರು. ಬೀದಿಯಲ್ಲಿ ಯಾರೂ ಅವರನ್ನು ಸರ್ ಎಂದವರಿಲ್ಲ. ಮೂರು ಮಧ್ಯಾಹ್ನ ಕೂರಿಸಿಕೊಂಡು ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ಕಾಲೇಜಿನವರ ಬರಹ ಯಾರು ಓದುತ್ತಾರೆ ಎಂಬ ಧೈರ್ಯ.

ಈ ಸೋಮವಾರ ಅವರು ಹಳೆಯ ಗೆಳೆಯ ವೆಂಕಟಪ್ಪನ ಅಂಗಡಿಯಲ್ಲಿ ಕೂತಿದ್ದರು. ಬಸವನಗುಡಿಯಲ್ಲಿ ಮೆಸ್ ನಡೆಸುವ ಆತ್ರೇಯ ಬಂದ. ಹತ್ತು ವರ್ಷ ತುಟಿಪಿಟಿಕ್ಕೆನ್ನದೆ ದುಡ್ಡು ಕೊಟ್ಟವನು. ವೆಂಕಟಪ್ಪ ಎಂದಿನಂತೆ ಕೂಗಿದ: "ಏಯ್, ಮಾವನಿಗೆ ಕುರ್ಚಿ ಹಾಕ್ರೋ!"

"ಬೇಡಿ ವೆಂಕಟಪ್ಪನೋರೆ, ನಿಂತ್ಕೊಂಡೇ ತಗೋತೀನಿ," ಎಂದ ಆತ್ರೇಯ. "ಕೂತ್ರೆ ಕೇಜಿಗೆ ಎರಡು ರೂಪಾಯಿ ಜಾಸ್ತಿ ಬೀಳುತ್ತಲ್ಲ!"

ವೆಂಕಟಪ್ಪನ ಬೊಗಸೆಯ ಅಕ್ಕಿ ನೆಲಕ್ಕೆ ಸುರಿಯಿತು.

ಆತ್ರೇಯ ನಗುತ್ತಾ ಫೋನ್ ತೆಗೆದು ತೋರಿಸಿದ. ಜ್ವರ, ಮಗು, ಮಾವ, ಎಲ್ಲವೂ ಭಾನುವಾರದ ಪುರವಣಿಯಲ್ಲಿ ಅಚ್ಚಾಗಿತ್ತು. ಬರೆದವಳು ಶರಣ್ಯ. ಕೊನೆಯ ಸಾಲನ್ನು ಅವನು ಗಟ್ಟಿಯಾಗಿ ಓದಿದ: "ಈ ಮಾತುಗಳನ್ನು ಪ್ರೀತಿಯಿಂದ ಕಲಿಸಿದ ಅಕ್ಕಿಪೇಟೆಯ ಮಲ್ಲಿಕಾರ್ಜುನಯ್ಯನವರಿಗೆ ಋಣಿ."

ಅವನು ಕಡಿಮೆ ಬೆಲೆಗೇ ಮೂಟೆ ಹೇರಿಸಿಕೊಂಡು ಹೋದಮೇಲೆ ವೆಂಕಟಪ್ಪ ತಿರುಗಿದ.

"ಮಲ್ಲಣ್ಣಾ... ನೀನಾ? ಬೇರೆ ಯಾರ ಹೆಸ್ರು ಹೇಳಿದ್ರೂ ನಂಬ್ತಿದ್ದೆ."

"ಓದೋಕೆ ಬೇಕು ಅಂದ್ಳು ಕಣೋ. ಪೇಪರ್‌ಗೆ ಹಾಕ್ತಾಳೆ ಅಂತ ನನಗೇನು ಗೊತ್ತು..."

ವೆಂಕಟಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬುಧವಾರ ಮತ್ತೆ ಹೋದರು. ವೆಂಕಟಪ್ಪ ಫೋನಿನಲ್ಲಿದ್ದ. "ಹೂಂ, ಕಿಟಕಿ ತೆಗೆದಿದೆ. ಬೀಗರನ್ನ ಸಂಜೆಗೆ ಕಳಿಸಿ," ಎಂದ. ಪಕ್ಕದಂಗಡಿಯವನು ತಲೆಯಾಡಿಸಿ, ತನ್ನ ಆಳುಗಳನ್ನು ಗೋದಾಮಿಗೆ ಓಡಿಸಿದ. ಮಲ್ಲಿಕಾರ್ಜುನಯ್ಯ ಇಬ್ಬರ ಮುಖವನ್ನೂ ನೋಡಿದರು. ಒಂದಕ್ಷರ ತಿಳಿಯಲಿಲ್ಲ.

"ಕಿಟಕಿ ಅಂದ್ರೇನೋ ವೆಂಕಟಪ್ಪ? ಏರಿದ್ಯಾ, ಇಳಿದಿದ್ಯಾ?"

ವೆಂಕಟಪ್ಪ ತಕ್ಕಡಿ ಒರೆಸುತ್ತಾ ತಲೆ ಎತ್ತದೆ ಕೇಳಿದ: "ಊಟ ಆಯ್ತಾ ಮಲ್ಲಣ್ಣ?"

ಅವರು ಬೀದಿಗಿಳಿದರು. ಮುಂದಿನ ಅಂಗಡಿಯವನು ಇವತ್ತಿನ ಬೆಲೆ ಕೇಳಿದರೆ ಏನು ಹೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಆ ಅಂಗಡಿಯವನು ಕೇಳಲೇ ಇಲ್ಲ.