ಓದದೆ ಹಾಕಿದ ಸಹಿ

ಅವರ ಎಡಗೈಯ ಎರಡು ಬೆರಳು ಯಾವಾಗಲೂ ನೀಲಿ. ಸೊರಬದ ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಕೂತು ಪತ್ರ ಬರೆಯುತ್ತಿದ್ದ ರೈಟರು, ಓದು ಬಾರದವರ ಹೆಬ್ಬೆಟ್ಟನ್ನು ತಾವೇ ಹಿಡಿದು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿಸುತ್ತಿದ್ದರು. ಅದಕ್ಕೂ ಮೊದಲು ಪತ್ರವನ್ನು ಗಟ್ಟಿಯಾಗಿ ಓದಬೇಕು. ಅರ್ಧಕ್ಕೆ ನಿಲ್ಲಿಸಿ, "ಈಗ ನಾ ಏನು ಓದ್ದೆ, ನೀ ಹೇಳು ನೋಡನ" ಎನ್ನುವರು. ತಪ್ಪಿದರೆ ಮತ್ತೆ ಮೊದಲಿಂದ. ಉಳವಿ ಬಸ್ಸಿಗೆ ಹೊತ್ತಾಯಿತೆಂದು ಗೊಣಗಿದವರಿಗೆ, "ಬಸ್ಸು ನಾಳೆನೂ ಬರ್ತದೆ. ಹೋದ ಗದ್ದೆ ಬರ್ತದೇನಾ?" ಎಂದು ಗದರುವರು. ಗೇಣಿದಾರರಿಗೆ ಭೂಮಿ ಸಿಕ್ಕ ಕಾಲದಲ್ಲಿ ನಮ್ಮಪ್ಪನ ಡಿಕ್ಲರೇಷನ್ ಅರ್ಜಿ ಬರೆದು, ಗೇಣಿ ಗದ್ದೆಯನ್ನು ನಮ್ಮದಾಗಿಸಿಕೊಟ್ಟವರೂ ಅವರೇ.

ತೊಂಬತ್ತರ ದಶಕದಲ್ಲಿ, ಶಿಕಾರಿಪುರದ ನನ್ನ ಬಟ್ಟೆ ಅಂಗಡಿ ಒಂದು ಹದಕ್ಕೆ ಬಂದಾಗ, ನನಗೆ ಹೊಸ ಕಾರಿನ ಹುಚ್ಚು ಹಿಡಿಯಿತು. ಭಾವಮೈದುನ ಕಾರು ತಂದಿದ್ದ. ಹೊಟ್ಟೆಕಿಚ್ಚು, ಬೇರೇನಲ್ಲ. ಮೂರು ಕಡೆಯ ಕಾಗದ ತರಿಸಿ ರೈಟರ ಮುಂದೆ ಇಟ್ಟೆ. ಅವರು ಮೂರನ್ನೂ ಹರಡಿಕೊಂಡು ಮಧ್ಯಾಹ್ನದವರೆಗೆ ಓದಿದರು.

"ಬ್ಯಾಂಕಿಂದು, ನೀನೇ ಕ್ರಯಕ್ಕೆ ತಗಂಡು ಅವರ ಹತ್ರ ಅಡ ಇಟ್ಟಂಗೆ. ಮುಂಗಡ ಜಾಸ್ತಿ, ಬಡ್ಡಿ ಕಮ್ಮಿ. ಫೈನಾನ್ಸಿಂದು, ಕಂತು ತೀರೋ ತಂಕ ಕಾರು ಅವರದ್ದು, ತೀರಿದ ಮೇಲೆ ನಿಂದು. ಬಡ್ಡಿ ಮಾತ್ರ ಜಾಸ್ತಿ. ಈ ಲೀಸು ಅಂದ್ರೆ ಗೇಣಿ. ತಿಂಗಳಿಗೆ ಕೊಡೋದು ಕಮ್ಮಿ, ಆದ್ರೆ ಮೂರು ವರ್ಷ ಆದ್ಮೇಲೆ ಕೀಲಿ ಕೊಟ್ಟು ಕೈ ಬೀಸ್ಕಂಡು ಬರದು."

"ಗೇಣಿ ಮಾಡಿದವ್ರೇ ಗದ್ದೆಗೆ ಒಡೆಯರಾಗ್ಲಿಲ್ಲೇನ್ರೀ? ನಮ್ಮಪ್ಪ ಆಗ್ಲಿಲ್ಲೇನು?" ಎಂದೆ.

ಅವರು ನಕ್ಕುಬಿಟ್ಟರು. "ಕಾರಿಗೂ ಡಿಕ್ಲರೇಷನ್ ಹಾಕ್ತೀಯೇನಾ ಮಾರಾಯ! ಬ್ಯಾಡ. ಒಂದು ವರ್ಷ ತಡಿ, ಮುಂಗಡ ಕೂಡಿಸ್ಕ, ಬ್ಯಾಂಕಿಂದೇ ತಗ. ಹಾಸಿಗೆ ಇದ್ದಷ್ಟು ಕಾಲು ಚಾಚು."

ಒಂದು ವರ್ಷ ತಡೆಯುವ ತಾಳ್ಮೆ ಯಾರಿಗಿತ್ತು? ಲೀಸಿಗೇ ಒಪ್ಪಿದೆ. ಮೂರು ವರ್ಷ ಓಡಿಸಿದವನ ಕೈಯಿಂದ ಯಾರು ಕಿತ್ತುಕೊಂಡಾರು ಎಂಬ ಗೇಣಿದಾರನ ಮಗನ ಭಂಡ ಧೈರ್ಯ ನನ್ನದು. ಜಾಮೀನಿಗೆ ಒಬ್ಬರು ಬೇಕಿತ್ತು. ರೈಟರ ಬಳಿ ಓಡಿಹೋಗಿ, "ಫೈನಾನ್ಸೇ ಮಾಡ್ಸಿದೆ ರೀ. ಏಜೆಂಟ್ ಕಾಯಾಕತ್ಯಾರೆ, ಲಗೂನ ಒಂದು ಸಹಿ" ಎಂದೆ. ಅವರು ಕನ್ನಡಕಕ್ಕೆಂದು ಜೇಬಿಗೆ ಕೈ ಹಾಕಿದರು. "ನನ್ ಮೇಲೆ ನಂಬಿಕೆ ಇಲ್ಲೇನ್ರೀ?" ಎಂದುಬಿಟ್ಟೆ. ಜೇಬಿನಿಂದ ಕೈ ಬರಿದಾಗಿ ಬಂತು. ಕಾಗದ ಓದದೆ ಸಹಿ ಹಾಕಿಕೊಟ್ಟರು.

ನಾನು ಕುಂಬಳಕಾಯಿ ಒಡೆಸಿ, ಹಿಂದಿನ ಗಾಜಿನ ಮೇಲೆ ಅಪ್ಪನ ಹೆಸರು ಬರೆಸಿ, ಸ್ವಂತ ಕಾರೆಂದು ಊರಿಗೆಲ್ಲ ಸಾರಿದೆ. ಮೂರು ವರ್ಷ ಮುಗಿದು ಕಾರು ಒಪ್ಪಿಸಿರೆಂಬ ಪತ್ರಗಳು ಬಂದಾಗ ಗಲ್ಲಾಪೆಟ್ಟಿಗೆಯ ಕೆಳಗೆ ತುರುಕಿದೆ. ಹೆಸರು ಅಳಿಸಿ ಕೊಟ್ಟರೆ ಊರವರಿಗೆ ಯಾವ ಮುಖ ತೋರಿಸುವುದು? ಕೊನೆಗೆ ಕಂಪನಿಯವರು, ಜಾಮೀನುದಾರರನ್ನೇ ಕೇಳುತ್ತೇವೆಂದು ಫೋನು ಮಾಡಿದರು. ಮರುದಿನ ಬೆಳಿಗ್ಗೆ ಕಾರನ್ನು ಮನೆಯಲ್ಲೇ ಬಿಟ್ಟು ಸೊರಬದ ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಜಗುಲಿಯ ತುಂಬ ಜನ. "ಬೇರೆಯವರ ಸ್ವತ್ತು ಇಟ್ಕೊಂಡು ಕೂತೋನಿಗೆ ಜಾಮೀನು ನಿಂತಿದೀರಲ್ಲ, ಇದು ಲೀಸು ಅಂತ ನಿಮಗೆ ಗೊತ್ತಿರ್ಲಿಲ್ವಾ?" ಎಂದು ಕಂಪನಿಯವನೊಬ್ಬ ಕೂಗಾಡುತ್ತಿದ್ದ. ರೈಟರ ಕಣ್ಣು ಜನರ ಹಿಂದೆ ನಿಂತಿದ್ದ ನನ್ನ ಮೇಲೆ ಬಿತ್ತು. ನಾನು ತಲೆ ತಗ್ಗಿಸಿದೆ.

"ಗೊತ್ತಿತ್ತು. ಓದಿಯೇ ಹಾಕಿದ್ದು" ಎಂದರು. "ಅವನು ನಂಗೇನೂ ಸುಳ್ಳು ಹೇಳಿಲ್ಲ."

ನಾನು ಮುಂದೆ ಬಂದು ಒಂದು ಮಾತು ಆಡಬೇಕಿತ್ತು. ಥೂ, ನನ್ನ ಜನ್ಮಕ್ಕೆ! ಸದ್ದಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೋದೆ. ಮರುದಿನ ಕಾರು ಒಪ್ಪಿಸಿದೆ. ಆದರೆ ಆಗಬಾರದ್ದು ಆಗಿಹೋಗಿತ್ತು. ಗೊತ್ತಿದ್ದೂ ಮೋಸಕ್ಕೆ ಜಾಮೀನು ನಿಂತವರ ಕೈಲಿ ಪತ್ರ ಬರೆಸುವುದು ಹೇಗೆಂದು ಜನ ಒಬ್ಬೊಬ್ಬರಾಗಿ ಪಕ್ಕದ ರೈಟರ ಕಡೆಗೆ ಸರಿದರು. ನಾನು ಸೊರಬದ ದಾರಿಯನ್ನೇ ಬಿಟ್ಟೆ.

ಎರಡು ವರ್ಷಕ್ಕೆ ಅವರು ತೀರಿಕೊಂಡರು. ಅವತ್ತು ಹೋದೆ. ಅವರ ಹೆಂಡತಿ ನನ್ನನ್ನು ಗುರುತು ಹಿಡಿದು ಹತ್ತಿರ ಕರೆದರು.

"ನೀನಾರೂ ಹೇಳು ತಮ್ಮಾ. ಇವ್ರು ಓದಿ ಸಹಿ ಹಾಕಿದ್ದು ಹೌದಾ? ಓದಿದ್ರೆ ಹಾಕ್ತಿರ್ಲಿಲ್ಲ ಅಂತ ನನ್ನ ಮನಸ್ಸು ಹೇಳ್ತದೆ. ಕೇಳಿದ್ರೆ, ಓದಿದ್ದೆ ಅಂತ್ಲೇ ಅಂದ್ರು, ಸಾಯೋ ತಂಕ."

ಅಂಗಳದಲ್ಲಿ ಶಿಕಾರಿಪುರದ ನಾಲ್ಕು ಜನ ಕೇಳಿಸಿಕೊಳ್ಳುತ್ತ ನಿಂತಿದ್ದರು.

"ಓದಿದ್ರು ಅಮ್ಮಾ" ಎಂದೆ.

"ಹಂಗಾರೆ ತಪ್ಪು ಇವ್ರದ್ದೇ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.