ತಮ್ಮನನ್ನು ಕರೆಯಲು ಹೋದ ಹವಾಲ್ದಾರರು

ಮೊನ್ನೆ ಸೊಸೆ ಹಿತ್ತಾಳೆ ತಿಕ್ಕಲೆಂದು ಪೇಟೆಯಿಂದ ಒಂದು ಪಾಲಿಶ್ ಡಬ್ಬಿ ತರಿಸಿದ್ದಳು. ನಮ್ಮಲ್ಲಿ ಹಿತ್ತಾಳೆಗೆ ಹುಣಸೆಹಣ್ಣು, ಅದಿಲ್ಲದಿದ್ದರೆ ವಾಟೆಹುಳಿ. ಈ ಡಬ್ಬಿಯ ವ್ಯವಹಾರ ಹೊಸತು. ಅವಳು ಮುಚ್ಚಳ ತೆಗೆದದ್ದೇ ತಡ, ಸೀಮೆಎಣ್ಣೆಗೆ ಯಾವುದೋ ಸುಣ್ಣ ಕಲಸಿದಂಥ ಒಂದು ಘಾಟು ಜಗಲಿಯವರೆಗೂ ಬಂತು. ನಾನು ಆರಾಮ ಕುರ್ಚಿಯಲ್ಲಿ ಪತ್ರಿಕೆ ಹಿಡಿದು, ಓದುತ್ತಿದ್ದೇನೆಂದು ಎಲ್ಲರಿಗೂ ತೋರುವ ಹಾಗೆ ತೂಕಡಿಸುತ್ತಿದ್ದವನು ನೆಟ್ಟಗೆ ಕೂತೆ. ನೆಟ್ಟಗೆ ಕೂಡಿಸುವ ಗುಣ ಆ ವಾಸನೆಗೇ ಇದೆ. ನಾನು ಅದನ್ನು ಮೊದಲು ಮೂಸಿದ್ದು ಹವಾಲ್ದಾರ್ ಪರಸಪ್ಪನವರ ಅಂಗಿಯ ಹಿತ್ತಾಳೆ ಗುಂಡಿಗಳಲ್ಲಿ.

ಆಗಿನ್ನೂ ನಾನು ಸನದು ಪಡೆದು ಶಿರಸಿಯಲ್ಲಿ ಹೊಸದಾಗಿ ವಕೀಲಿ ಬೋರ್ಡು ತೂಗಿಸಿದ್ದೆ. ಮೋಟಾರು ನಿಲ್ಲುವ ಜಾಗದ ಎದುರಿಗೇ ನನ್ನ ಕೋಣೆ. ಪಕ್ಷಗಾರರು ಮೋಟಾರಿನಿಂದ ಇಳಿದವರು ನೇರ ನನ್ನ ಬಾಗಿಲಿಗೇ ಬರುತ್ತಾರೆಂದು ಲೆಕ್ಕ ಹಾಕಿ ಹಿಡಿದ ಜಾಗ ಅದು. ಇಳಿದವರು ಬರುತ್ತಿದ್ದುದೇನೋ ನಿಜ. "ಹಿರೇ ವಕೀಲ್ರ ಮನಿ ಎಲ್ಲಿ?" ಎಂದು ಕೇಳಲು ಬರುತ್ತಿದ್ದರು. ನಾನು ದಾರಿ ತೋರಿಸುತ್ತಿದ್ದೆ. ಇಷ್ಟು ಚೆನ್ನಾಗಿ ದಾರಿ ತೋರಿಸುವ ವಕೀಲ ಇಡೀ ತಾಲೂಕಿನಲ್ಲಿ ಇರಲಿಲ್ಲ ಎಂದು ಈಗಲೂ ಧೈರ್ಯವಾಗಿ ಹೇಳಬಲ್ಲೆ.

ಒಂದು ದಿನ ಖಾಕಿ ಉಡುಪಿನ ಒಬ್ಬರು ಬಾಗಿಲಲ್ಲಿ ನಿಂತರು. ಎತ್ತರದ ಆಳು, ಕತ್ತರಿಸಿಟ್ಟಂಥ ಮೀಸೆ, ತೋಳಿನ ಮೇಲೆ ಮೂರು ಪಟ್ಟಿ. ಎದೆಯ ಗುಂಡಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ನಾನು ರೂಢಿಯಂತೆ ಎದ್ದು, ಹಿರಿಯ ವಕೀಲರ ಮನೆಯ ಕಡೆಗೆ ಕೈ ಚಾಚಿದೆ.

"ಅವರ ಮನಿ ನನಗ ಗೊತ್ತೈತ್ರಿ. ನಾ ನಿಮ್ಮ ಹತ್ರ ಬಂದೇನಿ," ಎಂದರು.

ಆ ಮಾತು ಕೇಳಿ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ನೆಲಕ್ಕೆ ಸರಿಸಿ ಅವರನ್ನು ಕೂಡಿಸಿದೆ.

ಅವರು ಎಕ್ಕಂಬಿಯ ಕಡೆಯ ಒಕ್ಕಲು ಮನೆಯವರು. ಹುಡುಗನಿದ್ದಾಗಲೇ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿ, ಸಿಪಾಯಿಯಿಂದ ಹವಾಲ್ದಾರರವರೆಗೆ ಮೇಲೆ ಬಂದಿದ್ದರು. ಮುಂದಿನ ಮೆಟ್ಟಿಲು ಜಮಾದಾರಿಕೆ. ಸಿಪಾಯಿಯಾಗಿ ಸೇರಿದ ನಮ್ಮ ಕಡೆಯವನೊಬ್ಬ ಭುಜದ ಮೇಲೆ ಚುಕ್ಕಿ ಹಾಕಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಆ ಸಲ ಸರದಿ ಪರಸಪ್ಪನವರದೇ. ಆದರೆ ಅವರನ್ನು ಬಿಟ್ಟು, ಅವರ ಕೈಕೆಳಗೆ ಕವಾಯತು ಕಲಿತವನೊಬ್ಬನಿಗೆ ಅದನ್ನು ಕೊಟ್ಟರು. ಕಾರಣ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಕಡೆಗೆ ಆಫೀಸಿನ ಗುಮಾಸ್ತನೊಬ್ಬ ಹತ್ತಿರ ಕರೆದು ತಿಳಿಸಿದನಂತೆ: "ನಿಮ್ಮ ದಾಖಲೆಯಲ್ಲಿ ಒಂದು ಸಾಲು ಇದೆ. ರಜೆಯ ಮೇಲೆ ಊರಿಗೆ ಹೋದಾಗ ಸರ್ಕಾರದ ವಿರುದ್ಧದ ಸಭೆಗೆ ಹೋಗಿದ್ದಿರಿ ಎಂದು."

"ಹೋಗಿದ್ದಿರೋ?" ಎಂದು ಕೇಳಿದೆ.

"ಹೋಗಿದ್ದೆ," ಎಂದರು ಹವಾಲ್ದಾರರು.

ನನ್ನ ಮೊದಲ ದೊಡ್ಡ ವ್ಯಾಜ್ಯ ಅಲ್ಲಿಗೇ ಮುಗಿಯಿತೆಂದುಕೊಂಡೆ. ಆದರೆ ಅವರ ಮಾತು ಮುಗಿದಿರಲಿಲ್ಲ.

ಆ ಕಾಲ ನೆನಪಿರುವವರು ಈಗ ಕಡಿಮೆ. ಬಿಳಿಯರ ಸರ್ಕಾರಕ್ಕೆ ಕರ ಕೊಡುವುದಿಲ್ಲವೆಂದು ಸಿದ್ದಾಪುರ, ಶಿರಸಿಯ ಹಳ್ಳಿಗಳು ಎದ್ದು ನಿಂತಿದ್ದ ಹೊತ್ತು. ಸರ್ಕಾರದವರು ಮನೆ ಮನೆಯ ತಪ್ಪಲೆ, ಕೊಪ್ಪರಿಗೆಗಳನ್ನು ಜಪ್ತಿ ಮಾಡಿ ಗಾಡಿಗೆ ಹೇರುತ್ತಿದ್ದರು. ಹವಾಲ್ದಾರರ ತಮ್ಮ ತುಕಾರಾಮ ನೇಗಿಲು ಬಿಟ್ಟು, ಬಿಳಿ ಟೋಪಿ ಹಾಕಿಕೊಂಡು ಸಿದ್ದಾಪುರದ ಕಡೆ ಹೋಗಿ ಆ ಜನರನ್ನು ಕೂಡಿಕೊಂಡಿದ್ದ. ಅದೇ ಸಮಯಕ್ಕೆ ಊರಿನಲ್ಲಿ ತಂದೆ ಹಾಸಿಗೆ ಹಿಡಿದರು. ಹವಾಲ್ದಾರರು ರಜೆ ಹಾಕಿ ಓಡಿ ಬಂದರು. ತಂದೆ ಇವರನ್ನು ನೋಡಿ, ಇವರ ಹಿಂದೆ ನೋಡಿ, "ತುಕ್ಯಾ ಎಲ್ಲಿ?" ಎಂದರು. ಮತ್ತೆ ಕೇಳಿದ್ದೂ ಅದನ್ನೇ.

ಹವಾಲ್ದಾರರು ಸಿದ್ದಾಪುರದ ಹಾದಿ ಹಿಡಿದರು. ತಮ್ಮ ಸಿಕ್ಕಿದ್ದು ಒಂದು ಹಳ್ಳಿಯ ಕಣದಲ್ಲಿ, ತುಂಬಿದ ಸಭೆಯ ನಡುವೆ. ಸರ್ಕಾರಿ ಸಿಪಾಯಿಗೆ ಅಂಥ ಸಭೆಯ ಅಂಚಿನಲ್ಲಿ ನಿಲ್ಲುವುದೂ ಅಪರಾಧ. ಇವರು ನೇರ ಒಳಗೆ ನಡೆದರು.

"ತುಕ್ಯಾ, ಏಳು," ಎಂದರಂತೆ.

"ಸಭಾ ಮುಗೀಲಿ ಅಣ್ಣಾ."

"ಸಭಾ ನಾಳೀನೂ ಇರತೈತಿ. ಅಪ್ಪ ಇರಾಂಗಿಲ್ಲ."

ಭಾಷಣ ಮಾಡುತ್ತಿದ್ದವರೇ ಮಾತು ನಿಲ್ಲಿಸಿದರು. ಕೂತವರೆಲ್ಲ ಎದ್ದು ದಾರಿ ಬಿಟ್ಟರು. ಅಣ್ಣ ತಮ್ಮನ ರಟ್ಟೆ ಹಿಡಿದುಕೊಂಡು ಹೊರಗೆ ಬಂದರು. ಶಿರಸಿಗೆ ಬರುವ ಕಡೆಯ ಮೋಟಾರು ಸಿಕ್ಕಿತು. ಅದರ ಡ್ರೈವರ್ ಖಾದರ್ ಸಾಹೇಬರು ಸಂಗತಿ ಕೇಳಿ, ಶಿರಸಿಯಲ್ಲಿ ಉಳಿದವರನ್ನು ಇಳಿಸಿ, ತಮ್ಮ ಹಾದಿಯಲ್ಲದ ಎಕ್ಕಂಬಿಯ ಹಾದಿಗೆ ಗಾಡಿ ತಿರುಗಿಸಿದರು. ತಂದೆ ಇಬ್ಬರು ಮಕ್ಕಳನ್ನೂ ನೋಡಿ, ಮರುದಿನ ಬೆಳಿಗ್ಗೆ ಕಣ್ಣು ಮುಚ್ಚಿದರು. ತಿಥಿ ಮುಗಿದ ಮೇಲೆ ಅಣ್ಣ ಪಲ್ಟನ್ನಿಗೆ ಹೋದರು, ತಮ್ಮ ಜೈಲಿಗೆ ಹೋದ. ಅವನು ಬಿಡುಗಡೆಯಾಗಿ ಬಂದು ಮತ್ತೆ ನೇಗಿಲು ಹಿಡಿದಿದ್ದ. ಅಷ್ಟರಲ್ಲಿ ಆ ಒಂದು ಸಾಲು ಹಳ್ಳಿಯಿಂದ ಕಚೇರಿಗೆ, ಕಚೇರಿಯಿಂದ ಪಲ್ಟನ್ನಿಗೆ ನಡೆದುಕೊಂಡು ಹೋಗಿ ಅಣ್ಣನ ದಾಖಲೆಯಲ್ಲಿ ಕೂತಿತ್ತು.

ಗುಮಾಸ್ತ ಒಂದು ಉಪಾಯವನ್ನೂ ಹೇಳಿಕೊಟ್ಟಿದ್ದ. ಮೇಲಿನ ಸಾಹೇಬರಿಗೆ ಅರ್ಜಿ ಹಾಕಿ, ತಮ್ಮನಿಗೂ ನಿಮಗೂ ಸಂಬಂಧವಿಲ್ಲವೆಂದು ಬರೆದುಕೊಟ್ಟರೆ ಆ ಸಾಲು ತೆಗೆಯಬಹುದು ಎಂದು. ನನಗೂ ಅದು ಸರಳವಾಗಿ ಕಂಡಿತು. ಇಂಗ್ಲಿಷಿನಲ್ಲಿ ನನಗೆ ಗೊತ್ತಿದ್ದ ದೊಡ್ಡ ದೊಡ್ಡ ಶಬ್ದಗಳನ್ನೆಲ್ಲ ಆ ಅರ್ಜಿಯಲ್ಲಿ ಕೂಡಿಸಿದೆ. ಮುಂದೆ ಇನ್ನೊಬ್ಬ ಪಕ್ಷಗಾರ ಬರುತ್ತಾನೋ ಇಲ್ಲವೋ, ಉಳಿಸಿಟ್ಟು ಏನು ಮಾಡಲಿ?

ಮಾರನೆಯ ದಿನ ಹವಾಲ್ದಾರರು ತಮ್ಮನನ್ನೂ ಕರೆದುಕೊಂಡು ನಮ್ಮ ಮನೆಗೇ ಬಂದರು. ಆಯಿ, ಎಂದರೆ ನನ್ನ ತಾಯಿ, ಒಳಗೆ ಅವಲಕ್ಕಿ ಕಲಸುತ್ತಿದ್ದಳು. ನಾನು ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುತ್ತ ಹೋದೆ. "ನನಗೂ ತುಕಾರಾಮನೆಂಬುವನಿಗೂ ಇನ್ನು ಮುಂದೆ ಯಾವ ಸಂಬಂಧವೂ ಇಲ್ಲ" ಎಂಬಲ್ಲಿಗೆ ಬಂದಾಗ ಹವಾಲ್ದಾರರು ಕೈ ಎತ್ತಿದರು.

"ಅದನ್ನ ತಗೀರಿ."

"ಅಣ್ಣಾ, ಇರಲಿ ಬಿಡು," ಎಂದ ತುಕಾರಾಮ. ಅವನು ನನ್ನದೇ ವಯಸ್ಸಿನವ, ಜೈಲಿನಲ್ಲಿ ತೆಳ್ಳಗಾಗಿದ್ದರೂ ನಗುಮುಖ. "ಕಾಗದದಾಗ ತಮ್ಮ ಅಲ್ಲಂದ್ರ ನಾ ನಿನ್ನ ತಮ್ಮ ಅಲ್ಲದಂಗ ಆಗ್ತೇನೇನು? ನಿನ್ನ ಚುಕ್ಕಿ ನನ್ನ ದೆಸಿಯಿಂದ ಹೋಗೂದು ಬ್ಯಾಡ."

"ನೀ ಸುಮ್ಮನಿರು," ಎಂದು ಹವಾಲ್ದಾರರು ನನ್ನ ಕಡೆ ತಿರುಗಿದರು. "ವಕೀಲ್ರ, ನಾ ಸರ್ಕಾರದ ಉಪ್ಪು ಉಂಡೇನಿ, ಅದು ಖರೆ. ಇವನ ಸಂಗಾಟ ಒಂದ ತಾಟಿನ್ಯಾಗ ಉಂಡೇನಿ, ಅದೂ ಖರೆ. ಎರಡೂ ಬರೀರಿ. ಒಂದನ್ನ ಬರದು ಒಂದನ್ನ ಬಿಡೂದಾದ್ರ ಅರ್ಜೀನ ಬ್ಯಾಡ."

ಅವಲಕ್ಕಿಯ ತಟ್ಟೆ ಹಿಡಿದು ಬಂದ ಆಯಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. "ಅಣ್ಣ-ತಮ್ಮನ್ನ ಬೇರೆ ಮಾಡಲೆ ಹೇಳಿ ನೀನು ವಕೀಲಿ ಓದಿದ್ಯನಾ ತಮಾ?" ಎಂದಳು. ನ್ಯಾಯಾಧೀಶರಿಂದ ಮುಂದೆ ನಾನು ಎಷ್ಟೋ ಮಾತು ಕೇಳಿದ್ದೇನೆ. ಅಷ್ಟು ಚಿಕ್ಕ ತೀರ್ಪು ಯಾರೂ ಕೊಟ್ಟಿಲ್ಲ.

ಸರಿ, ಹಾಗಾದರೆ ಸಾಕ್ಷಿ ಬೇಕು. ಸಭೆಗೆ ಹೋದದ್ದು ತಮ್ಮನನ್ನು ಕರೆಯಲಿಕ್ಕೆ ಎಂದು ತುಕಾರಾಮ ಹೇಳಿದರೆ, ಜೈಲು ಕಂಡು ಬಂದವನ ಮಾತನ್ನು ಪಲ್ಟನ್ನಿನ ಸಾಹೇಬ ನಂಬುವನೇ? ಸರ್ಕಾರ ನಂಬುವ ಬಾಯೇ ಬೇಕು. ಅಂಥದ್ದು ಒಂದೇ ಇತ್ತು. ಸಭೆಯನ್ನು ಕಣ್ಣಾರೆ ಕಂಡು ಆ ವರದಿಯನ್ನು ಮೊದಲು ಬರೆದ ಹಳ್ಳಿಯ ಪಟೇಲರದು.

ನಾನೂ ಹವಾಲ್ದಾರರೂ ಖಾದರ್ ಸಾಹೇಬರ ಮೋಟಾರಿನಲ್ಲೇ ಸಿದ್ದಾಪುರದ ಕಡೆ ಹೊರಟೆವು. ಪಟೇಲರು ಎಂಥವರಿರಬಹುದೆಂದು ದಾರಿಯುದ್ದಕ್ಕೂ ನಾನು ಊಹೆ ಕಟ್ಟಿಕೊಂಡಿದ್ದೆ. ದಪ್ಪ ಹೊಟ್ಟೆ, ಕೆಂಪು ಕಣ್ಣು, ಇಷ್ಟು. ನೋಡಿದರೆ, ಸಣ್ಣ ಆಳು. ತುಳಸಿಕಟ್ಟೆಯ ಬಳಿ ಕೂತು ಬಳ್ಳಿಗೆ ಚಪ್ಪರ ಕಟ್ಟುತ್ತಿದ್ದರು. ನಮ್ಮ ಜಾತಿಯವರೇ, ಮನೆಮಾತೂ ಒಂದೇ. ಹವಾಲ್ದಾರರನ್ನು ಕಂಡೊಡನೆ ಗುರುತಿಸಿದರು.

"ನಾನು ಬರೆದದ್ದು ಸುಳ್ಳಲ್ಲ ಹವಾಲ್ದಾರ್ರೇ. ನೀವು ಸಭೆಗೆ ಬಂದದ್ದು ಹೌದು," ಎಂದರು ಮೊದಲಿಗೇ.

"ಎಂತಕ್ಕೆ ಬಂದಿದ್ದು ಹೇಳಿ ನಿಂಗಕ್ಕೆ ಗೊತ್ತಿತ್ತಲಿ?" ಎಂದು ನಾನು ಮನೆಮಾತಿನಲ್ಲಿ ಕೇಳಿದೆ.

ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಯಾರ್ಯಾರು ಬಂದಿದ್ದ ಹೇಳಿ ಮೇಲಿನವು ಕೇಳಿದ. ಆನು ಬರದಿ. ಎಂತಕ್ಕೆ ಬಂದಿದ್ದ ಹೇಳಿ ಯಾರೂ ಕೇಳಿದ್ವಿಲ್ಲೆ."

ನಾನು ಏರಿದ ದನಿಯಲ್ಲಿ ಏನೋ ಹೇಳಹೊರಟೆ. ಹವಾಲ್ದಾರರು ನನ್ನ ತೋಳು ಮುಟ್ಟಿ ತಡೆದರು. ಅವರು ಪಟೇಲರಿಗೆ ಕೈ ಮುಗಿಯಲಿಲ್ಲ, ಗದರಲೂ ಇಲ್ಲ.

"ನೀವು ಬರದದ್ದು ಸುಳ್ಳು ಅಂತ ನಾ ಅನ್ನಾಂಗಿಲ್ರಿ ಪಟೇಲ್ರ. ಅರ್ಧಾ ಐತಿ ಅಂತೀನಿ. ಉಳಿದರ್ಧಾ ನಿಮ್ಮ ಕಣ್ಣಾಗ ಐತಿ."

ಪಟೇಲರ ಕೈಯಲ್ಲಿದ್ದ ಬಳ್ಳಿಯ ಕುಡಿ ಹಾಗೇ ನಿಂತಿತು. ಈಗ ಉಳಿದರ್ಧ ಬರೆದುಕೊಟ್ಟರೆ, ಆಗ ಯಾಕೆ ಬರೆಯಲಿಲ್ಲವೆಂದು ತಾಲೂಕಿನ ಮಾಮಲೇದಾರರು ಕೇಳಿಯೇ ಕೇಳುತ್ತಾರೆ. ಪಟೇಲಿಕೆಗೇ ಸಂಚಕಾರ ಬಂದರೂ ಬರಬಹುದು. ಕರ ಕೊಡದವರ ಮನೆಗಳ ನಡುವೆ ಸರ್ಕಾರದ ಪಕ್ಷ ಹಿಡಿದು ಊರಿನ ಮಾತನ್ನೂ ಕಳೆದುಕೊಂಡಿದ್ದ ಮನುಷ್ಯ. ಇನ್ನು ಆ ಸರ್ಕಾರವೂ ಕೈಬಿಟ್ಟರೆ ಅವರಿಗೆ ಉಳಿಯುವುದೇನು? ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಅವರಿಗೆ ಆ ಗಳಿಗೆಯಲ್ಲೇ ಹೊಳೆದಿತ್ತು.

"ಅರ್ಧ ಬರದ್ದೆ ಹೇಳಿ ಇಷ್ಟು ವರ್ಷದಲ್ಲಿ ಎಂಗೆ ಯಾರೂ ಹೇಳಿದ್ವಿಲ್ಲೆ," ಎಂದು ತಮ್ಮಷ್ಟಕ್ಕೇ ಗೊಣಗಿದರು. ಒಳಗೆ ಹೋಗಿ ಕೈ ತೊಳೆದುಕೊಂಡು, ಮಸಿಕುಡಿಕೆ ತಂದು ಕೂತರು. ಭಾಷಣ ನಿಂತದ್ದು, ಜನ ಎದ್ದು ದಾರಿ ಬಿಟ್ಟದ್ದು, ಅಣ್ಣ ರಟ್ಟೆ ಹಿಡಿದು ಎಳೆದುಕೊಂಡು ಹೋದದ್ದು ಎಲ್ಲ ಬರೆದರು. "ಅಪ್ಪ ಇರಾಂಗಿಲ್ಲ" ಎಂಬ ಮಾತನ್ನು ಹವಾಲ್ದಾರರ ದನಿಯಲ್ಲಿ ಹೇಗಿತ್ತೋ ಹಾಗೇ ಬರೆದರು. ನಾವು ಹೊರಡುವಾಗ ಬಾಳೆಲೆಯಲ್ಲಿ ಸುತ್ತಿದ ಒಂದು ಕಟ್ಟು ವೀಳ್ಯದೆಲೆ ಕೊಟ್ಟರು.

ಹೊಸ ಅರ್ಜಿಯಲ್ಲಿ ನನ್ನ ದೊಡ್ಡ ಶಬ್ದಗಳಿಗೆ ಜಾಗವೇ ಉಳಿಯಲಿಲ್ಲ. ನಡೆದದ್ದನ್ನು ನಡೆದಂತೆ ಬರೆದೆ. ಅದು ಬೆಳಗಾವಿಗೆ ಹೋಯಿತು. ಆಮೇಲೆ ಬಹಳ ಕಾಲ ಏನೂ ಸುದ್ದಿಯಿಲ್ಲ. ಆಯಿ ಮಾತ್ರ ಊಟಕ್ಕೆ ಬಡಿಸುವಾಗೆಲ್ಲ, "ಹವಾಲ್ದಾರ್ರದ್ದು ಎಂತಾತಡ?" ಎಂದು ಕೇಳುವಳು. ನಾನು, ಬೆಳಗಾವಿಯ ಸಾಹೇಬರೆಲ್ಲ ನನ್ನನ್ನು ಕೇಳಿಯೇ ಊಟಕ್ಕೆ ಏಳುತ್ತಾರೆಂಬ ಗತ್ತಿನಲ್ಲಿ, "ಆಗ್ತು, ಆಗ್ತು" ಎನ್ನುತ್ತಿದ್ದೆ. ಒಳಗೊಳಗೇ ಪುಕ್ಕಲು.

ಹವಾಲ್ದಾರರಿಗೆ ಆ ಪುಕ್ಕಲು ಇರಲಿಲ್ಲ. ಕಡೆಗೊಂದು ದಿನ ದೊಡ್ಡ ಸಾಹೇಬ ಅವರನ್ನು ಎದುರಿಗೆ ಕರೆಸಿದನಂತೆ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. ಹಾಗಾಗಿ ಇದು ಅವರೇ ಹೇಳಿದ್ದು. ಸಾಹೇಬ ಪಟೇಲರ ಬರಹದ ತರ್ಜುಮೆ ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದನಂತೆ: "ನಾಳೆ ನಿನ್ನ ತಮ್ಮನನ್ನು ಹಿಡಿದು ತಾ ಎಂದು ಹುಕುಂ ಮಾಡಿದರೆ?"

"ಏನಂದಿರಿ?" ನಾನು ಕೇಳಿದೆ.

"ಹಿಡಕೊಂಡು ಬರತೀನಿ ಸಾಹೇಬ್ರ ಅಂದೆ. ಹಿಡದು ಒಳಗ ಹಾಕಿದ ಮ್ಯಾಲೆ ದಿನಾ ಬುತ್ತಿ ಕಟಗೊಂಡು ಹೋಗತೀನಿ, ಅದಕ್ಕ ತಡಿಬಾರದು ಅಂದೆ."

ಸಾಹೇಬ ನಕ್ಕನೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಸಿಪಾಯಿಯಾದವನು ಎದುರಿನವರ ಮುಖ ನೋಡುವಂತಿಲ್ಲ, ಅವರ ತಲೆಯ ಮೇಲಿನ ಗೋಡೆ ನೋಡಬೇಕು. ಆದರೆ ಮೊದಲಿನ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಸಿದನಂತೆ: ಸಾಯುವ ತಂದೆಗಾಗಿ ತಮ್ಮನನ್ನು ಕರೆಯಲು ಹೋಗಿದ್ದ, ದೋಷವಿಲ್ಲ. ಮುಂದಿನ ಜಾಗ ಖಾಲಿಯಾದಾಗ ಪರಸಪ್ಪನವರು ಜಮಾದಾರರಾದರು. ಹಿಂದಿನದು ಹಿಂದೆಯೇ ಹೋಯಿತು. ತಾವೇ ಕವಾಯತು ಕಲಿಸಿದವನು ಕೊನೆಯವರೆಗೂ ಅವರಿಗಿಂತ ಹಿರಿಯನಾಗಿಯೇ ಉಳಿದ. ಅವನಿಗೆ ಸಲಾಮು ಹೊಡೆಯುವುದು ಕಷ್ಟವಾಗುವುದಿಲ್ಲವೇ ಎಂದು ಕೇಳಿದ್ದೆ. "ಆಗತೈತ್ರಿ. ಕೈಗಲ್ಲ, ಮನಸ್ಸಿಗೆ. ಆದ್ರ ತಮ್ಮನ್ನ ಬಿಟ್ಟಿದ್ರ ಅದಕಿಂತ ಭಾಳ ಆಗತಿತ್ತು," ಎಂದರು.

ಪಟೇಲರಿಗೆ ಕಚೇರಿಯಲ್ಲಿ ಬೈಗುಳ ಸಿಕ್ಕಿತು. ಪಟೇಲಿಕೆ ಉಳಿಯಿತು.

ಜಮಾದಾರರು ಚುಕ್ಕಿ ಹಾಕಿಕೊಂಡು ಮೊದಲ ಸಲ ಊರಿಗೆ ಬಂದ ದಿನ ತುಕಾರಾಮ ಅಣ್ಣನನ್ನು ಎದುರುಗೊಳ್ಳಲು ಶಿರಸಿಗೆ ಬಂದಿದ್ದ. ತಲೆಯ ಮೇಲೆ ಅದೇ ಬಿಳಿ ಟೋಪಿ. ಇಬ್ಬರೂ ಪೇಟೆಯ ನಟ್ಟನಡುವೆ ಹೆಗಲಿಗೆ ಹೆಗಲು ತಾಗಿಸಿ ನಡೆದರು, ಒಂದು ಖಾಕಿ, ಒಂದು ಖಾದಿ. ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ನೋಡಿದರು. ನಾನೂ ಅವರ ಪಕ್ಕದಲ್ಲಿ, ಇಬ್ಬರನ್ನೂ ನಾನೇ ಹೆತ್ತವನಂತೆ ಎದೆ ಉಬ್ಬಿಸಿ ನಡೆಯುತ್ತಿದ್ದೆ. ಕಚೇರಿಯ ತಿರುವಿನಲ್ಲಿ ಕೊಡೆ ಹಿಡಿದ ಪಟೇಲರು ಎದುರಾದರು. ಜಮಾದಾರರೇ ಮುಂದೆ ಹೋಗಿ, ದೊಡ್ಡ ಸಾಹೇಬನಿಗೆ ಹೊಡೆಯುವಂಥ ಸಲಾಮು ಹೊಡೆದರು. ಪಟೇಲರು ಗಡಬಡಿಸಿ ಕೊಡೆಯನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಿಸಿದರು. ಆಮೇಲೆ ತುಕಾರಾಮನನ್ನು ನೋಡಿ, "ಬಿಸಿಲು ಜೋರಿದ್ದು ಮಾರಾಯ, ಅಣ್ಣನ್ನ ಕರ್ಕಂಡು ಹೋಗು," ಎಂದರು. ಜೈಲಿಗೆ ಹೋಗಿ ಬಂದವನೊಡನೆ ಅವರು ಪೇಟೆಯ ಬೀದಿಯಲ್ಲಿ ನಿಂತು ಆಡಿದ ಮೊದಲ ಮಾತು ಅದು.

ಈಗ ಪಟೇಲರಿಲ್ಲ. ಆಯಿ ಇಲ್ಲ. ಜಮಾದಾರರೂ ಪಿಂಚಣಿ ತಿಂದು, ಮೊಮ್ಮಕ್ಕಳಿಗೆ ಕವಾಯತು ಕಲಿಸಿ, ನೆಮ್ಮದಿಯಿಂದ ಹೋದರು. ಅವರು ಹೋದ ಮೇಲೆ ನಾನು ಎಕ್ಕಂಬಿಯ ಕಡೆ ಹೋಗಿಲ್ಲ. ಅವರಿಲ್ಲದ ಮನೆಯಲ್ಲಿ ಏನು ಮಾತಾಡಲಿ ಎಂದು ಮುಂದೂಡುತ್ತಲೇ ಬಂದೆ. ಇಷ್ಟನ್ನು ನಿಮ್ಮ ಹತ್ತಿರ ಹೇಳಿಕೊಂಡ ಮೇಲೆ, ಮಾತಿಗೇನೂ ಬರವಿಲ್ಲವೆಂದು ಗೊತ್ತಾಯಿತು. ನಾಳೆ ಬರುತ್ತೇನೆಂದು ಅಲ್ಲೇ ಇರುವ ತುಕಾರಾಮನಿಗೆ ಹೇಳಿ ಕಳಿಸಿದ್ದೇನೆ. ಅವನಿಗೆ ಕಿವಿ ಮಂದ, ನನಗೆ ಕಣ್ಣು ಮಂದ. ಇಬ್ಬರೂ ಸೇರಿದರೆ ಒಬ್ಬ ಪೂರಾ ಮನುಷ್ಯನಾದೇವು.