ಸೊಪ್ಪು ಎನ್ನದ ಸೊಪ್ಪಿನಜ್ಜಿ

ಸೊಪ್ಪಿನಜ್ಜಿಯ ಎರಡೂ ಹೆಬ್ಬೆರಳ ಉಗುರಿನಲ್ಲಿ ಹಸಿರು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಯಲಿಯೂರಿನಿಂದ ಬೆಳಗಿನ ಬಸ್ಸಿಗೆ ಬಂದು ಮಂಡ್ಯದ ನಮ್ಮ ಬೀದಿಯಲ್ಲಿ ಮಂಕರಿ ಹೊತ್ತು ತಿರುಗುತ್ತಿದ್ದಳು. ಕಂತೆ ಸಣ್ಣದಾಯಿತಲ್ಲ ಎಂದರೆ, "ಬೆಂದ್‌ಮ್ಯಾಲೆ ಎಲ್ಲಾರ್ ಮನೇಲೂ ಒಂದೇ ಹಿಡಿ ಕಣವ್ವ" ಎನ್ನುವಳು.

ಮೊದಲು "ಸೊಪ್ಪೋ ಸೊಪ್ಪು" ಎಂದೇ ಕೂಗುತ್ತಿದ್ದಳು. ಒಮ್ಮೆ ಎರಡು ತಿಂಗಳು ಕಾಣೆಯಾಗಿ ಬಂದವಳು ಆ ಮಾತನ್ನೇ ಬಿಟ್ಟು, "ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ" ಎಂದು ಒಂದೊಂದನ್ನೇ ಕೂಗತೊಡಗಿದಳು. ನಾನು ರೇಗಿಸಿದೆ. ಅಜ್ಜಿ ಮಂಕರಿ ಇಳಿಸಿ ಕೂತಳು.

ತಾಯಿಯಿಲ್ಲದ ಮೊಮ್ಮಗನನ್ನು ಅವಳೇ ಸಾಕಿದ್ದು. ಕಾಲೇಜು ಸೇರಿದ ಮೇಲೆ ಫೋನಿನಲ್ಲಿ ಗೆಳೆಯರಿಗೆ, "ಸೊಪ್ಪು ಬಂದೈತೆ, ಬನ್ರಲಾ" ಎನ್ನುತ್ತಿದ್ದನಂತೆ.

"ನಮ್ ಯಾಪಾರಕ್ಕೆ ಗಿರಾಕಿ ನೋಡ್ತಾವ್ನೆ ಅನ್ಕಂಡೆ ಕಣವ್ವ. ತಗಂಡೋಗಿ ಕೊಡ್ಲಾ ಅಂತ ದಂಟಿನ್ ಕಂತೆ ಕಟ್ಟಿ ಬ್ಯಾಗಿಗಾಕ್ದೆ. ನಗಾಡ್ದ. ನಾನೂವೆ ನಗಾಡ್ದೆ."

ಹುಡುಗರ ಬಾಯಲ್ಲಿ ಸೊಪ್ಪೆಂದರೆ ಗಾಂಜಾ ಎಂದು ಅಜ್ಜಿಗೆ ತಿಳಿಯುವಷ್ಟರಲ್ಲಿ ಅವನು ಕೈಮೀರಿದ್ದ. ಮತ್ತಿನಲ್ಲಿ ನಾಲೆಗಿಳಿದವನು ಹೆಣವಾಗಿ ಸಿಕ್ಕಿದ.

ಮರುವರ್ಷ ಒಂದು ಬೆಳಿಗ್ಗೆ ಅಜ್ಜಿ ನನ್ನನ್ನು ಗೇಟಿನಾಚೆ ಕರೆದು ದನಿ ತಗ್ಗಿಸಿದಳು. "ನಿನ್ ಮಗ ಫೋನಲ್ಲಿ ಸೊಪ್ಪು ಸಿಕ್ತೇನ್ಲಾ ಅಂತಿದ್ದ. ಅಡುಗೆಮನೆ ಕಡೆ ತಲೇನೇ ಹಾಕದೋನ್ಗೆ ಸೊಪ್ಪ್ಯಾಕವ್ವ?"

ನನಗೆ ಮೈ ಉರಿದುಹೋಯಿತು. "ನಿನ್ ಮೊಮ್ಮಗ ಹಾಳಾದ ಅಂತ ಊರ್ ಮಕ್ಕಳೆಲ್ಲ ಹಾಳಾದೋರಾ?" ಎಂದುಬಿಟ್ಟೆ. ಅಂಥ ಮಾತು ಹೇಗೆ ಬಂತೋ, ಈಗಲೂ ನಾಚಿಕೆಯಾಗುತ್ತದೆ.

ಅಜ್ಜಿ ಅಲುಗಲಿಲ್ಲ. "ಬಯ್ಯವ್ವ, ಬಯ್ಯಿ. ಆದ್ರೆ ಇವತ್ತೇ ಅವನ್ ತಾವ ಕೂತು ಕೇಳು. ಹೊಡಿಬ್ಯಾಡ. ನಾನು ಕೇಳ್ನಿಲ್ಲ, ಅದ್ಕೇ ಯೋಳ್ತಿವ್ನಿ."

ಸಂಜೆ ಕೇಳಿದೆ. ಮಗ ಮೊದಲು ಹಾರಾಡಿದ, ಆಮೇಲೆ ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತ. ಮೈಸೂರಿನ ಡಾಕ್ಟರ ಹತ್ತಿರ ತಿಂಗಳುಗಟ್ಟಲೆ ಓಡಾಡಿದೆವು. ನಡುವೆ ಒಮ್ಮೆ ಜಾರಿದ, ಮತ್ತೆ ಎದ್ದ. ಅಜ್ಜಿ ಬೀದಿಯಲ್ಲಿ ಒಬ್ಬರಿಗೂ ಬಾಯಿಬಿಡಲಿಲ್ಲ. ನನ್ನನ್ನೂ ಏನೂ ಕೇಳಲಿಲ್ಲ. ಮಗ ಎದುರು ಬಂದರೆ, "ಉಂಡೇನಪ್ಪಾ" ಎಂದಷ್ಟೇ ವಿಚಾರಿಸುವಳು. ತಪ್ಪಾಯಿತಜ್ಜಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ದಿನಾ ಬರುತ್ತಾಳಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡೇ ಕಳೆದೆ.

ಹೋದ ಆಷಾಢದಲ್ಲಿ ಅಜ್ಜಿ ತೀರಿಕೊಂಡಳು. ನಾನೂ ಮಗನೂ ಯಲಿಯೂರಿಗೆ ಹೋದೆವು. ಚಟ್ಟ ಎತ್ತುವಾಗ ಯಾರೋ, "ಮೊಮ್ಮಗ ಇದ್ದಿದ್ರೆ ಹೆಗಲು ಕೊಡೋನು" ಎಂದರು. ನನ್ನ ಮಗ ಚಪ್ಪಲಿ ಬಿಟ್ಟು ಮುಂದೆ ಹೋಗಿ ಹೆಗಲು ಕೊಟ್ಟ.